ಒಂದು ಗೇಣು ಹಿಂದೆ

ನನ್ನ ಬೀರುವಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಪ್ರತಿ ಸಾಲಿನಲ್ಲೂ ಒಂದು ತಾರೀಖು, ಪಕ್ಕದಲ್ಲಿ ಒಂದು ಅಂಕಿ. 4, 5, 5, 2, 7, 7, 6, 4. ಸೊನ್ನೆ ಅಂದರೆ ನೋವೇ ಇಲ್ಲ. ಹತ್ತು ಅಂದರೆ ತಡೆಯೋಕಾಗದ್ದು. ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಸೊಂಟನೋವು ತಿಂಗಳುಗಟ್ಟಲೆ ಹಾಗೇ ಉಳಿದುಕೊಂಡಾಗ, ಅದನ್ನು ಹೇಗಾದರೂ ಅರ್ಥ ಮಾಡಿಕೊಳ್ಳಬೇಕು ಅಂತ ದಿನಾ ರಾತ್ರಿ ಮಲಗುವ ಮುಂಚೆ ಅದಕ್ಕೊಂದು ಅಂಕ ಕೊಡಲು ಶುರು ಮಾಡಿದೆ.

ಎಂಟು ತಿಂಗಳು ಬರೆದ ಮೇಲೆ ಒಂದು ಭಾನುವಾರ ಕೂತು ಪುಟ ತಿರುಗಿಸಿದೆ. ಅಂಕಿಗಳ ಜೊತೆ ಇಷ್ಟು ವರ್ಷ ಕಳೆದವಳಿಗೆ ಅದು ಕಾಣದೇ ಇರುವುದಿಲ್ಲ. ಎಲ್ಲೆಲ್ಲಿ 2 ಇದೆಯೋ, ಅದರ ಮರುದಿನ ಅಥವಾ ಅದರಾಚೆಯ ದಿನ 7 ಇದೆ. ಒಂದೆರಡು ಕಡೆ ಬಿಟ್ಟರೆ ಎಲ್ಲ ಕಡೆಯೂ ಹಾಗೇ. ನನ್ನ ಕೆಟ್ಟ ದಿನಗಳೆಲ್ಲ ಒಳ್ಳೆಯ ದಿನಗಳ ಹೊಟ್ಟೆಯಲ್ಲೇ ಹುಟ್ಟುತ್ತಿದ್ದವು.

ಒಳ್ಳೆಯ ದಿನ ನಾನು ಏನು ಮಾಡುತ್ತಿದ್ದೆ ಅಂತ ಯೋಚಿಸಿದೆ. ಎಲ್ಲವನ್ನೂ ಮಾಡುತ್ತಿದ್ದೆ. ಬಾಕಿ ಇದ್ದ ಬೆಡ್‌ಶೀಟು ಒಗೆಯುವುದು, ಇಡ್ಲಿಗೆ ನೆನೆಹಾಕಿ ರುಬ್ಬುವುದು, ಒಂದು ಇಡೀ ಸೆಕ್ಷನ್ನಿನ ಪೇಪರ್ ತಿದ್ದುವುದು. ದಸರಾ ಹತ್ತಿರ ಬಂದಾಗ ಅಟ್ಟದಿಂದ ಬೊಂಬೆ ಪೆಟ್ಟಿಗೆ ಇಳಿಸಿ, ಒಂದೇ ದಿನದಲ್ಲಿ ಒಂಬತ್ತು ಮೆಟ್ಟಿಲು ಕಟ್ಟಿ, ಎಲ್ಲ ಬೊಂಬೆ ಒರೆಸಿ ಕೂರಿಸಿದ್ದೆ. ಆ ದಿನದ ಅಂಕ 2. ಮುಂದಿನ ನಾಲ್ಕು ದಿನ 8, 8, 7, 7. ನವರಾತ್ರಿಯಲ್ಲಿ ಮನೆಗೆ ಬಂದವರಿಗೆ ಅರಿಶಿನ ಕುಂಕುಮ ಕೊಟ್ಟವಳು ನನ್ನ ಮಗಳು. ನಾನು ಒಳಗೆ ಮಲಗಿದ್ದೆ.

ಅಂಕಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಂಡರೂ ಅದನ್ನಿಟ್ಟುಕೊಂಡು ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ನೋವಿಲ್ಲದ ದಿನವೂ ಸುಮ್ಮನೆ ಕೂರಬೇಕು ಅಂದರೆ ಬದುಕುವುದು ಯಾವಾಗ? ಅದಕ್ಕೆ ಉತ್ತರ ಸಿಕ್ಕಿದ್ದು ಯೋಗದಲ್ಲಿ. ಅದೂ ಮೊದಲ ಸಲಕ್ಕಲ್ಲ.

ಶುರುವಾದದ್ದು ಒಂಬತ್ತು ವರ್ಷದ ಹಿಂದೆ. ಗ್ಯಾಸ್ ಸಿಲಿಂಡರ್ ಜರುಗಿಸಲು ಬಗ್ಗಿದೆ, ಸೊಂಟದಲ್ಲಿ ಛಳಕ್ ಅಂತು. ಸಂಜೆಯ ಹೊತ್ತಿಗೆ ಎಡಗಾಲಿನ ಹಿಂಭಾಗದಲ್ಲಿ ಹಿಮ್ಮಡಿವರೆಗೂ ಸೆಳೆತ, ಕಿರುಬೆರಳಲ್ಲಿ ಜೋಮು. ಎಲ್5-ಎಸ್1 ಡಿಸ್ಕ್, ಅಂದರೆ ಬೆನ್ನುಮೂಳೆಯ ಬುಡದಲ್ಲಿ ಎರಡು ಮೂಳೆಗಳ ನಡುವೆ ಇರುವ ಮೆತ್ತೆಯಂಥದ್ದು, ಉಬ್ಬಿ ನರಕ್ಕೆ ಒತ್ತುತ್ತಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂತು. ನೋಡಿದ ಡಾಕ್ಟರು ಒಳ್ಳೆಯವರು. ಆಪರೇಷನ್ ಬೇಡ, ನಡೆದಾಡಿ, ಮಂಚ ಹಿಡಿಯಬೇಡಿ ಅಂದರು. ನಾಲ್ಕು ತಿಂಗಳಲ್ಲಿ ಕಾಲಿನ ಸೆಳೆತ ಹೋಯಿತು, ಜೋಮೂ ಹೋಯಿತು. ಸೊಂಟದ ನೋವು ಮಾತ್ರ ಹೋಗಲಿಲ್ಲ. ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಅಂತ ಕರೆಯುತ್ತಾರೆ. ನನ್ನದು ಮೂರು ವರ್ಷ ದಾಟಿತು.

ಆ ಮೂರು ವರ್ಷದಲ್ಲಿ ನಾನು ಸ್ಕ್ಯಾನಿಂಗ್ ರಿಪೋರ್ಟನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಡಿಸ್ಕ್ ಸವೆದಿದೆ ಅಂದರೆ ಮನಸ್ಸಿನಲ್ಲಿ ಒಂದು ಚಿತ್ರ ಬಂದುಬಿಡುತ್ತದೆ. ಹಳೇ ಚಪ್ಪಲಿಯ ಹಿಮ್ಮಡಿ ಸವೆದ ಹಾಗೆ, ಇನ್ನು ಸರಿಹೋಗದ ಹಾಗೆ. ಆಮೇಲೆ ಗೊತ್ತಾದ ಒಂದು ವಿಷಯವನ್ನು ಆಗಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಮಾಡುತ್ತಿದ್ದೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ನೋಡಿದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2015ರಲ್ಲಿ ಒಂದು ವಿಮರ್ಶೆ ಬಂತು. ಇಪ್ಪತ್ತರ ವಯಸ್ಸಿನಲ್ಲೇ ಶೇ. 37 ಜನಕ್ಕೆ ಡಿಸ್ಕ್ ಸವೆತ ಇರುತ್ತದಂತೆ. ಎಂಬತ್ತರ ಹೊತ್ತಿಗೆ ಶೇ. 96 ಜನಕ್ಕೆ. ಅವರಿಗೆ ಯಾರಿಗೂ ನೋವಿಲ್ಲ! ತಲೆಕೂದಲು ಬೆಳ್ಳಗಾದ ಹಾಗೆ ಡಿಸ್ಕೂ ಸವೆಯುತ್ತದೆ, ಅಷ್ಟೇ. ನನ್ನ ಡಿಸ್ಕ್ ಉಬ್ಬಿದ್ದು ನಿಜ, ಆ ಮೊದಲ ತಿಂಗಳುಗಳಲ್ಲಿ ಅದು ನರ ಒತ್ತಿದ್ದೂ ನಿಜ. ಆದರೆ ಮೂರು ವರ್ಷದ ನಂತರವೂ ಇದ್ದ ನೋವಿನ ಪೂರ್ತಿ ಕಥೆಯನ್ನು ಆ ರಿಪೋರ್ಟ್ ಹೇಳುತ್ತಿರಲಿಲ್ಲ.

ಮೊದಲ ಸಲ ಯೋಗಕ್ಕೆ ಹೋದದ್ದು ಒಂದು ಹತ್ತು ದಿನದ ಶಿಬಿರಕ್ಕೆ. ಹಾಲ್‌ನಲ್ಲಿ ಅರವತ್ತು ಜನ. ನಾಲ್ಕನೇ ದಿನ ಪಶ್ಚಿಮೋತ್ತಾನಾಸನ. ಕಾಲು ಚಾಚಿ ಕೂತು ಮುಂದೆ ಬಾಗಿ ಕಾಲ್ಬೆರಳು ಹಿಡಿಯುವುದು. ನನ್ನ ಕೈ ಮೊಣಕಾಲಿನಿಂದ ಸ್ವಲ್ಪ ಮುಂದೆ ಹೋಗಿ ನಿಂತಿತ್ತು. ಹೇಳಿಕೊಡುವವರು ಹಿಂದಿನಿಂದ ಬಂದು ಬೆನ್ನ ಮೇಲೆ ಅಂಗೈ ಇಟ್ಟು ಒತ್ತಿದರು. "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಆಗತ್ತೆ ನಿಮ್ಮ ಕೈಲಿ." ಅವರಿಗೆ ಒಳ್ಳೆಯದಾಗಲಿ ಅಂತಲೇ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಡಿಸ್ಕ್ ತೊಂದರೆ ಇರುವವರನ್ನು ಹಾಗೆ ಮುಂದಕ್ಕೆ ಬಾಗಿಸಿ ಒತ್ತಬಾರದು. ಯಾರಿಗೆ ಏನಿದೆ ಅಂತ ಕೇಳದೇ ಅರವತ್ತು ಜನಕ್ಕೆ ಒಂದೇ ಆಸನ ಮಾಡಿಸಬಾರದು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಮೂರು ವಾರ ರಜೆ ಹಾಕಿದೆ. ಆಮೇಲೆ ಎರಡು ವರ್ಷ ಯೋಗದ ಸುದ್ದಿಗೇ ಹೋಗಲಿಲ್ಲ.

ಮೈಸೂರಿನಲ್ಲಿದ್ದುಕೊಂಡು ಯೋಗದಿಂದ ದೂರ ಇರುವುದು ಸುಲಭ ಅಲ್ಲ. ಗೋಕುಲಂ ಕಡೆ ಹೋದರೆ ಹೆಗಲಿಗೆ ಮ್ಯಾಟ್ ನೇತುಹಾಕಿಕೊಂಡ ವಿದೇಶಿಯರು ಎಳನೀರು ಕುಡಿಯುತ್ತಾ ನಿಂತಿರುತ್ತಾರೆ. ಜಗನ್ಮೋಹನ ಅರಮನೆ ಮುಂದೆ ಹಾದುಹೋಗುವಾಗಲೆಲ್ಲ ನೆನಪಾಗುತ್ತದೆ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದ್ದು ಇಲ್ಲೇ. ಅಲ್ಲಿ ಕಲಿತ ಒಬ್ಬ ಹುಡುಗ ಕೋಲಾರ ಜಿಲ್ಲೆಯ ಬೆಳ್ಳೂರಿನಿಂದ ಬಂದವನು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡು ಬಡಕಲಾಗಿದ್ದ ಹುಡುಗ. ಕೃಷ್ಣಮಾಚಾರ್ಯರು ಅವನ ಅಕ್ಕನ ಗಂಡ. ಮುಂದೆ ಅವರೇ ಬಿ.ಕೆ.ಎಸ್. ಅಯ್ಯಂಗಾರ್ ಆದರು, ಪುಣೆಯಲ್ಲಿ ನೆಲೆಸಿದರು, ಲೋಕಕ್ಕೆಲ್ಲ ಗೊತ್ತಾದರು.

ನನಗೆ ಅವರ ಬದುಕಿನಲ್ಲಿ ತುಂಬಾ ಹಿಡಿಸುವ ಭಾಗ ಹೆಸರು ಬಂದ ಮೇಲಿನದು. 1979ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಸ್ಕೂಟರ್ ಅಪಘಾತವಾಗಿ ಬೆನ್ನುಮೂಳೆಗೆ ಪೆಟ್ಟಾಯಿತು. ಹತ್ತಾರು ವರ್ಷ ಕಲಿಸಿದ ಆಸನಗಳನ್ನೇ ಅವರು ಮೊದಲಿನಿಂದ ಮತ್ತೆ ಕಲಿಯಬೇಕಾಯಿತು. ಆಸನ ಮಾಡಲಾಗದ ದೇಹ ಅಂದರೆ ಏನು ಅಂತ ಅವರಿಗೆ ಚಿಕ್ಕಂದಿನಲ್ಲೂ ಗೊತ್ತಿತ್ತು, ಅರವತ್ತರಲ್ಲೂ ಗೊತ್ತಾಯಿತು. ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ದಿಂಬು, ಗೋಡೆಗೆ ಕಟ್ಟಿದ ಹಗ್ಗ, ಮಡಿಚಿದ ಕಂಬಳಿ ಇವೆಲ್ಲ ಯೋಗದ ಕೋಣೆಗೆ ಬಂದದ್ದು ಮುಖ್ಯವಾಗಿ ಅವರಿಂದ. ದೇಹ ಆಸನದ ಹತ್ತಿರ ಹೋಗಲಾಗದಿದ್ದರೆ ಆಸನವೇ ದೇಹದ ಹತ್ತಿರ ಬರಲಿ, ಆ ಸಾಮಾನುಗಳ ಹಿಂದಿರುವ ವಿಚಾರ ಇದೇ ಅಂತ ನಾನು ಅಂದುಕೊಂಡಿದ್ದೇನೆ.

ಆ ಪದ್ಧತಿಯಲ್ಲಿ ಕಲಿತ ಒಬ್ಬ ಮೇಡಂ ನಮ್ಮ ಮನೆಯಿಂದ ನಾಲ್ಕು ರಸ್ತೆ ಆಚೆ ಪಾಠ ಹೇಳುತ್ತಾರೆ ಅಂತ ನಮ್ಮ ಶಾಲೆಯ ಹಿಂದಿ ಟೀಚರ್ ಹೇಳಿದರು. ಒಲ್ಲದ ಮನಸ್ಸಿನಿಂದ ಹೋದೆ. ಮಹಡಿಯ ಮೇಲೆ ಒಂದು ಕೋಣೆ, ಏಳೆಂಟು ಜನ. ಮೇಡಂಗೆ ಅರವತ್ತು ದಾಟಿತ್ತು. ಮೊದಲ ದಿನ ಅವರು ನನ್ನಿಂದ ಏನನ್ನೂ ಮಾಡಿಸಲಿಲ್ಲ. ಅರ್ಧ ಗಂಟೆ ಕೂರಿಸಿಕೊಂಡು ಕೇಳಿದರು. ಬೆಳಿಗ್ಗೆ ಜಾಸ್ತಿಯಾ, ಸಂಜೆ ಜಾಸ್ತಿಯಾ? ಕೂತರೆ ನೋವಾ, ನಿಂತರೆ ನೋವಾ? ಕೆಮ್ಮಿದರೆ ಕಾಲಿಗೆ ಇಳಿಯುತ್ತಾ? ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಡಾಕ್ಟರು ಏನೆಂದಿದ್ದಾರೆ? ಆಮೇಲೆ ಮೂಲೆಯಲ್ಲಿದ್ದ ಒಂದು ಮಡಚುವ ಕಬ್ಬಿಣದ ಕುರ್ಚಿ ತಂದು ಮ್ಯಾಟಿನ ತುದಿಗೆ ಇಟ್ಟರು.

ಆ ಕುರ್ಚಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ನೆಲದ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಿಸಿ, ಮೀನಖಂಡಗಳನ್ನು ಕುರ್ಚಿಯ ಸೀಟಿನ ಮೇಲೆ ಇಡುವುದು. ಅಷ್ಟೇ. ತಲೆಯ ಕೆಳಗೆ ಕಂಬಳಿಯ ಮಡಿಕೆ. ಆ ಮಡಿಕೆಯನ್ನು ಮೇಡಂ ಮೂರು ಸಲ ಬದಲಾಯಿಸಿದರು. ಮೊದಲು ಜಾಸ್ತಿ ದಪ್ಪವಾಯಿತು, ಗದ್ದ ಎದೆಗೆ ತಾಗಿತು. ಆಮೇಲೆ ತೆಳುವಾಯಿತು, ಹಣೆ ಹಿಂದಕ್ಕೆ ಬಿತ್ತು. ಮೂರನೇ ಸಲ ಒಂದು ಪದರ ಬಿಚ್ಚಿ ಅಂಚನ್ನು ಕುತ್ತಿಗೆಯ ಬುಡಕ್ಕೆ ತಂದಾಗ ದವಡೆ ತಾನಾಗಿ ಸಡಿಲವಾಯಿತು. ಅಷ್ಟು ಹೊತ್ತು ನಾನು ಹಲ್ಲು ಕಚ್ಚಿಕೊಂಡಿದ್ದೆ ಅಂತ ಗೊತ್ತಾದದ್ದೇ ಆಗ. ಕುರ್ಚಿಯನ್ನು ಒಂದೆರಡು ಬೆರಳಿನಷ್ಟು ನನ್ನ ಕಡೆ ಸರಿಸಿದರು. ತೊಡೆಯ ಭಾರ ಪೂರ್ತಿ ಕುರ್ಚಿಗೆ ಹೋಯಿತು. ಮೂರು ವರ್ಷದಿಂದ ನೆಲಕ್ಕೆ ತಾಗದೇ ಕಮಾನಿನ ಹಾಗೆ ಎದ್ದೇ ಇದ್ದ ಸೊಂಟ ನಿಧಾನವಾಗಿ ಇಳಿದು ಮ್ಯಾಟಿಗೆ ಮುಟ್ಟಿತು. ಕೆಳಗಿನ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಮೊದಲ ವಿಷಲ್, ಎರಡನೇ ವಿಷಲ್. ಮೂರನೆಯದನ್ನು ನಾನು ಎಣಿಸಲಿಲ್ಲ. ನಿದ್ದೆ ಬಂದಿತ್ತು.

ಹದಿನೈದು ನಿಮಿಷದ ನಂತರ ಏಳುವಾಗ ಹೀಗೆ ಏಳಬೇಕು ಅಂತಲೂ ಹೇಳಿಕೊಟ್ಟರು. ಬಲಕ್ಕೆ ಹೊರಳಿ, ಸ್ವಲ್ಪ ಹೊತ್ತು ಹಾಗೇ ಇದ್ದು, ಕೈಯೂರಿ, ತಲೆಯನ್ನು ಕೊನೆಗೆ ಎತ್ತಿ. ನಲವತ್ತು ವರ್ಷ ದಾಟಿದ ಮೇಲೆ ಒಬ್ಬರು ನನಗೆ ಏಳುವುದನ್ನು ಕಲಿಸಿದರು.

ಎರಡನೇ ವಾರದಲ್ಲಿ ಸುಪ್ತ ಪಾದಾಂಗುಷ್ಠಾಸನ. ಮಲಗಿಕೊಂಡು ಒಂದು ಕಾಲು ಮೇಲಕ್ಕೆತ್ತಿ ಪಾದಕ್ಕೆ ಬೆಲ್ಟ್ ಹಾಕಿ ಹಿಡಿದುಕೊಳ್ಳುವುದು. ಇನ್ನೊಂದು ಕಾಲು ನನಗೆ ಮಡಚಿಯೇ ಇರಬೇಕು ಅಂತ ಆಯಿತು. ಎಡಗಾಲು ಮೇಲೆ ಹೋಗುತ್ತಾ ಒಂದು ಜಾಗದಲ್ಲಿ ಆ ಹಳೆಯ ಸೆಳೆತ ಚುರ್ ಅಂತು. ನನಗೆ ಅಭ್ಯಾಸವಿದ್ದ ಹಾಗೆ ಹಲ್ಲು ಕಚ್ಚಿ ಅಲ್ಲೇ ಹಿಡಿದೆ. ಮೇಡಂ ಬೆಲ್ಟ್ ಸಡಿಲ ಮಾಡಿದರು.

"ನೋಡಿಮ್ಮಾ, ನೋವು ಎಲ್ಲಿ ಶುರುವಾಗತ್ತೆ ಅಂತ ಗೊತ್ತಾಯ್ತಲ್ಲ, ಈಗ ಅಲ್ಲಿಂದ ಒಂದು ಗೇಣು ಹಿಂದೆ ಬನ್ನಿ. ಅಲ್ಲಿರಿ. ಅದು ನಿಮ್ಮ ಜಾಗ."

ಒಂದು ಗೇಣು ಹಿಂದೆ ಬಂದರೆ ಏನೂ ಅನ್ನಿಸುತ್ತಿರಲಿಲ್ಲ. ಇದರಿಂದ ಏನು ಉಪಯೋಗ ಅನ್ನಿಸಿತು. ಆದರೆ ಅಲ್ಲಿ ಉಸಿರಾಡಬಹುದಿತ್ತು. ಉಸಿರು ಬಿಡುವುದನ್ನು ಸ್ವಲ್ಪ ಉದ್ದ ಮಾಡಿ ಅಂದರು. ಉಸಿರು ಬಿಡುವಾಗ ಎದೆಬಡಿತ ಒಂಚೂರು ನಿಧಾನವಾಗುತ್ತದೆ, ಇದು ಎಲ್ಲರ ದೇಹದಲ್ಲೂ ಹಾಗೇ. ನಿಧಾನವಾದ ಎದೆ ಮೈಗೆಲ್ಲ ಹೇಳುತ್ತದೆ, ಹೆದರಬೇಕಾಗಿಲ್ಲ ಅಂತ.

ಐದಾರು ವಾರ ಕಳೆದಿರಬೇಕು. ಒಂದು ದಿನ ಮೈ ಹಗುರವಾಗಿತ್ತು. ಅಡುಗೆಮನೆ ಕಟ್ಟೆಯಷ್ಟು ಎತ್ತರದ ಮೇಜಿಗೆ ಕೈ ಊರಿ, ಹಿಂದೆ ಹಿಂದೆ ನಡೆದು, ಸೊಂಟ ಹಿಂದಕ್ಕೆ ಎಳೆದು ಬೆನ್ನು ಉದ್ದ ಮಾಡುವುದು ಮಾಡಿಸುತ್ತಿದ್ದರು. ಅರ್ಧ ಉತ್ತಾನಾಸನ. ನಾನು ಹೇಳಿದೆ, "ಇವತ್ತು ತುಂಬಾ ಚೆನ್ನಾಗಿದೆ ಮೇಡಂ, ಇನ್ನೂ ಕೆಳಗೆ ಹೋಗಬಲ್ಲೆ."

"ಹೋಗಬಲ್ಲಿರಿ ಅಂತ ನನಗೂ ಗೊತ್ತು," ಅಂದರು. "ಅದಕ್ಕೇ ಬೇಡ ಅಂದಿದ್ದು."

ಮನೆಗೆ ನಡೆದುಕೊಂಡು ಬರುವಾಗ ನೋಟ್‌ಬುಕ್ ನೆನಪಾಯಿತು. 2 ಆದಮೇಲೆ 7. ಎಂಟು ತಿಂಗಳ ಅಂಕಿಗಳ ಅರ್ಥ ಆ ಒಂದು ಮಾತಿನಲ್ಲಿ ಇತ್ತು. ಕೆಟ್ಟ ದಿನ ನಾನು ಹೇಗೂ ಹುಷಾರಾಗಿರುತ್ತೇನೆ, ನೋವೇ ಕಾವಲು ಕೂತಿರುತ್ತದೆ. ಕಾವಲಿಲ್ಲದ ದಿನ ಒಳ್ಳೆಯ ದಿನ. ಆ ದಿನ ಎಲ್ಲಿ ನಿಲ್ಲಬೇಕು ಅನ್ನುವುದನ್ನು ನೋವು ಹೇಳುವುದಿಲ್ಲ, ನಾನೇ ತಿಳಿದುಕೊಳ್ಳಬೇಕು. ಮ್ಯಾಟಿನ ಮೇಲೆ ನಾನು ಕಲಿಯುತ್ತಿದ್ದದ್ದು ಬಾಗುವುದನ್ನಲ್ಲ, ಇನ್ನೂ ಆಗುತ್ತದೆ ಅನ್ನುವಾಗ ನಿಲ್ಲುವುದನ್ನು.

ಇದು ನನಗೆ ಎಷ್ಟು ಕಷ್ಟವಾಯಿತು ಅಂತ ಹೇಳಲೇಬೇಕು. ಹಿಡಿದ ಕೆಲಸ ಅರ್ಧಕ್ಕೆ ಬಿಡಬಾರದು ಅಂತ ಕೇಳಿಕೊಂಡೇ ಬೆಳೆದವಳು ನಾನು. ನಮ್ಮಮ್ಮನಿಗೆ ಮಂಡಿನೋವು ಇತ್ತು. ರಾತ್ರಿ ಎಕ್ಕದ ಎಲೆಗೆ ಎಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಬೆಳಿಗ್ಗೆ ಐದಕ್ಕೆ ಎಲೆ ಬಿಚ್ಚಿಟ್ಟು ಅಂಗಳ ಗುಡಿಸಲು ಹೋಗುತ್ತಿದ್ದಳು. ಮಂಡಿ ನೋಯುತ್ತಾ ಅಂತ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಾಡಿದ ಎಕ್ಕದ ಎಲೆಯ ಆ ವಾಸನೆಯಿಂದಲೇ ನಮಗೆ ಗೊತ್ತಾಗುತ್ತಿತ್ತು, ನಿನ್ನೆ ಅಮ್ಮನಿಗೆ ಜಾಸ್ತಿ ಇತ್ತು ಅಂತ. ಅಂಥವಳ ಮಗಳು ಅಟ್ಟದ ಅರ್ಧ ಮಾತ್ರ ಗುಡಿಸಿ ಇಳಿಯುವುದು ಹೇಗೆ?

ಮ್ಯಾಟಿನ ಮೇಲೆ ಕಲಿತರೆ ಸಾಧ್ಯವಾಗುತ್ತದೆ. ಅಲ್ಲಿ ಅರ್ಧಕ್ಕೆ ನಿಂತರೆ ಯಾರೂ ಬಯ್ಯುವುದಿಲ್ಲ. ದಿನಾ ನಲವತ್ತು ನಿಮಿಷ ಅದನ್ನೇ ಮಾಡಿದರೆ, ನಿಲ್ಲುವುದೂ ಒಂದು ಕೆಲಸ ಅಂತ ಮೈಗೆ ಅಭ್ಯಾಸವಾಗುತ್ತದೆ. ಪತಂಜಲಿ ಮುನಿಗಳು ಆಸನದ ಬಗ್ಗೆ ಹೇಳಿದ್ದು ಬಹಳ ಕಮ್ಮಿ. ಎಲ್ಲರಿಗೂ ಗೊತ್ತಿರುವ ಮಾತು, ಸ್ಥಿರಸುಖಮಾಸನಮ್. ಅಲುಗದೆ, ಸುಖವಾಗಿ ಇರುವುದೇ ಆಸನ. ಶಿಬಿರದಲ್ಲಿ ನಾನು ಸ್ಥಿರಕ್ಕಾಗಿ ಒದ್ದಾಡುತ್ತಿದ್ದೆ. ಸುಖದ ಬಗ್ಗೆ ಅಲ್ಲಿ ಯಾರೂ ಮಾತಾಡಲಿಲ್ಲ.

ನಾನು ಪೇಪರ್ ತಿದ್ದುವುದನ್ನು ಹನ್ನೆರಡರ ಕಟ್ಟು ಮಾಡಿದೆ. ಹನ್ನೆರಡಾದ ಮೇಲೆ, ಸೊಂಟ ಎಷ್ಟೇ ಚೆನ್ನಾಗಿರಲಿ, ಎದ್ದು ಅಡುಗೆಮನೆ ಕಟ್ಟೆಗೆ ಕೈಯೂರಿ ಹತ್ತು ಉಸಿರು. ನೋವು ಬಂದಮೇಲೆ ಏಳುವುದಲ್ಲ, ಹನ್ನೆರಡಾದಮೇಲೆ ಏಳುವುದು. ಶಾಲೆಯಲ್ಲಿ ಎರಡು ಪೀರಿಯಡ್ ನಿಂತರೆ ಮೂರನೆಯದರಲ್ಲಿ ಕೂತು ಪಾಠ. ನಮ್ಮ ಮಕ್ಕಳಿಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ.

ಅಂಕ ಬರೆಯುವುದನ್ನು ನಿಲ್ಲಿಸಿ ಅಂತ ಹೇಳಿದವರೂ ಮೇಡಮ್ಮೇ. ದಿನಾ ರಾತ್ರಿ ನೋವನ್ನೇ ಹುಡುಕಿಕೊಂಡು ಹೋಗಿ ಮಾತಾಡಿಸುತ್ತೀರಲ್ಲ, ಬದಲಿಗೆ ಅವತ್ತು ಏನು ಮಾಡಿದಿರಿ ಅಂತ ಬರೆಯಿರಿ ಅಂದರು. ಅದೇ ನೋಟ್‌ಬುಕ್ಕಿನ ಉಳಿದ ಪುಟಗಳಲ್ಲಿ ಅಂಕಿ ಇಲ್ಲ. "ಕುಕ್ಕರಹಳ್ಳಿ ಕೆರೆ ಅರ್ಧ ಸುತ್ತು." "ದೇವರಾಜ ಮಾರ್ಕೆಟ್, ಹೂವು ಮಾತ್ರ." "ಮಗಳ ಜೊತೆ ಸಿನಿಮಾ, ಇಂಟರ್‌ವಲ್‌ನಲ್ಲಿ ಎದ್ದು ಓಡಾಡಿದೆ."

ಇದೆಲ್ಲ ಸುಮ್ನೆ ಮನಸ್ಸಿನ ಸಮಾಧಾನವಾ ಅಂತ ನಾನೂ ಕೇಳಿಕೊಂಡಿದ್ದೇನೆ. ಓದಿ ತಿಳಿದುಕೊಂಡಷ್ಟನ್ನು ಹೇಳುತ್ತೇನೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು 1965ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ನೋವಿನ ಸಂದೇಶ ಗಾಯದಿಂದ ಮೆದುಳಿಗೆ ನೇರವಾಗಿ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂಥದ್ದಿದೆ, ಸ್ಪರ್ಶವೂ ಮೆದುಳಿನಿಂದ ಇಳಿದುಬರುವ ಸಂದೇಶಗಳೂ ಆ ಬಾಗಿಲನ್ನು ತೆರೆಯಬಲ್ಲವು, ಮುಚ್ಚಬಲ್ಲವು ಅಂತ. ವಿವರಗಳು ಆಮೇಲೆ ಬದಲಾಗಿವೆ, ಮೂಲ ವಿಚಾರ ಉಳಿದಿದೆ. ನೋವು ತುಂಬಾ ಕಾಲ ಇದ್ದರೆ ನರಗಳು ಚುರುಕಾಗಿಬಿಡುತ್ತವೆ, ಸಣ್ಣದಕ್ಕೂ ದೊಡ್ಡದಾಗಿ ಕೂಗುತ್ತವೆ. ಒಂದು ಸಲ ಕಳ್ಳತನವಾದ ಮನೆಯಲ್ಲಿ ಬೆಕ್ಕು ಓಡಾಡಿದರೂ ದೀಪ ಹಾಕುತ್ತಾರಲ್ಲ, ಹಾಗೆ. ನೋವು ಸುಳ್ಳಲ್ಲ. ಆದರೆ ಪ್ರತಿ ಸಲ ನೋವಾದಾಗಲೂ ಒಳಗೆ ಏನೋ ಹರಿಯುತ್ತಿದೆ, ಮುರಿಯುತ್ತಿದೆ ಅಂತ ಅರ್ಥವಲ್ಲ. ಹೆದರಿಕೆಯಿಲ್ಲದೆ, ನೋವಿನ ಈಚೆಗೆ, ನಿಧಾನವಾಗಿ ಅಲುಗಾಡುವುದನ್ನು ದಿನಾ ಮಾಡಿದರೆ ಆ ಮನೆಯವರಿಗೆ ಮತ್ತೆ ಧೈರ್ಯ ಬರುತ್ತದೆ.

ಅಧ್ಯಯನಗಳೂ ಇವೆ. ಬೆಂಗಳೂರಿನ ಹತ್ತಿರ ಜಿಗಣಿಯಲ್ಲಿರುವ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು 80 ಜನ ಬೆನ್ನುನೋವಿನವರ ಮೇಲೆ ಒಂದು ವಾರದ ಶಿಬಿರ ನಡೆಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವಿನಿಂದ ನಿಂತುಹೋದ ಓಡಾಟ ಸುಧಾರಿಸಿತ್ತು, ಬೆನ್ನು ಹೆಚ್ಚು ಬಾಗುತ್ತಿತ್ತು. ಅಮೆರಿಕದ ಬಾಸ್ಟನ್‌ನಲ್ಲಿ 320 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹನ್ನೆರಡು ವಾರದ ಯೋಗ ಫಿಸಿಯೋಥೆರಪಿಗೆ ಕಮ್ಮಿಯಿರಲಿಲ್ಲ. ಅದೇ ವರ್ಷ ಅಲ್ಲಿನ ವೈದ್ಯರ ಸಂಘವೊಂದು, ಮಾತ್ರೆಗೆ ಹೋಗುವ ಮುಂಚೆ ಪ್ರಯತ್ನಿಸಬಹುದಾದ ದಾರಿಗಳಲ್ಲಿ ಯೋಗವನ್ನೂ ಸೇರಿಸಿತು. ಇನ್ನೊಂದು ಕಡೆ, 21 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2022ರ ವಿಮರ್ಶೆ ಹೇಳುವುದು ಬೇರೆ ಥರ. ಏನೂ ಮಾಡದೇ ಇರುವುದಕ್ಕಿಂತ ಯೋಗದಿಂದ ಉಪಯೋಗವಿದೆ, ಆದರೆ ಅದು ಸಣ್ಣದು. ಬೆನ್ನಿಗೆಂದೇ ಇರುವ ಬೇರೆ ವ್ಯಾಯಾಮಕ್ಕೂ ಯೋಗಕ್ಕೂ ಅಂಥ ವ್ಯತ್ಯಾಸವಿಲ್ಲ. ಕೆಲವರಿಗೆ ಯೋಗದಿಂದಲೇ ಬೆನ್ನುನೋವು ಜಾಸ್ತಿಯಾಗುವುದೂ ಉಂಟು.

ಇದನ್ನು ಓದಿ ನನಗೆ ಬೇಜಾರಾಗಲಿಲ್ಲ. ನಿಜ ಹೇಳಿದ್ದಾರೆ ಅನ್ನಿಸಿತು. ನನ್ನ ನೋವೂ ಸಣ್ಣದಾಗಿಯೇ ಕಮ್ಮಿಯಾಗಿದೆ. ಈಗಲೂ ಅಂಕ ಕೊಟ್ಟರೆ ಬಹಳ ದಿನ 3 ಅಥವಾ 4 ಇರುತ್ತದೆ. 7 ಅನ್ನುವುದು ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಆದರೆ ಸಂತೆಗೆ ಹೋಗುತ್ತೇನೆ, ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತೇನೆ, ರಾತ್ರಿ ನಿದ್ದೆ ಮಾಡುತ್ತೇನೆ. ಯೋಗದಿಂದ ಎಲ್ಲ ರೋಗವೂ ವಾಸಿ ಅಂತ ಮೈಕ್ ಹಿಡಿದು ಹೇಳುವವರ ಮೇಲೆ ನನಗೆ ಸಿಟ್ಟಿದೆ. ಅದನ್ನು ನಂಬಿ ಬಂದವರಿಗೆ ವಾಸಿಯಾಗದಿದ್ದಾಗ ಅವರು ಯೋಗವನ್ನು ಬೈದುಕೊಳ್ಳುವುದಿಲ್ಲ, ತಮ್ಮನ್ನೇ ಬೈದುಕೊಳ್ಳುತ್ತಾರೆ. ನಾನೇ ಸರಿಯಾಗಿ ಮಾಡಲಿಲ್ಲ, ನನಗೇ ಶ್ರದ್ಧೆ ಸಾಲದು ಅಂತ. ನೋವಿರುವವರ ತಲೆ ಮೇಲೆ ಇನ್ನೊಂದು ಭಾರ ಯಾಕೆ?

ಇನ್ನೊಂದು ಮಾತು, ಇದನ್ನು ಯಾರೂ ಹಾರಿಸಿಕೊಂಡು ಹೋಗಬೇಡಿ. ಕಾಲಿನಲ್ಲಿ ಶಕ್ತಿಯೇ ಹೋದಂತಾದರೆ, ಕೂರುವ ಜಾಗ ಮರಗಟ್ಟಿದರೆ, ಒಂದಕ್ಕೆ ಎರಡಕ್ಕೆ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿಕೊಂಡರೆ ಅದು ಯೋಗದ ಕೆಲಸವಲ್ಲ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ನೋವಿನ ಜೊತೆ ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಬಿದ್ದು ಪೆಟ್ಟಾದಮೇಲೆ ಶುರುವಾಗಿದ್ದರೆ ಮೊದಲು ಡಾಕ್ಟರ ಹತ್ತಿರ ತೋರಿಸಿ. ನಾನು ಇಲ್ಲಿ ಬರೆದ ಆಸನಗಳು ನನ್ನ ಸೊಂಟಕ್ಕೆ, ನನ್ನನ್ನು ಎದುರಿಗೆ ಕೂರಿಸಿಕೊಂಡು ನೋಡಿದವರು ಹೇಳಿದ್ದು. ನಿಮ್ಮದಕ್ಕೆ ಬೇರೆ ಇರಬಹುದು.

ಹೋದ ವರ್ಷ ಹಾಸನದಲ್ಲಿ ನನ್ನ ಅಣ್ಣನ ಮಗಳ ಮದುವೆ. ನಮ್ಮ ಕಡೆ ಸೋದರತ್ತೆ ಅಂದರೆ ಚಪ್ಪರದ ದಿನದಿಂದ ಬೀಗರನ್ನು ಕಳಿಸುವ ತನಕ ನಿಂತ ಕಾಲಲ್ಲೇ ಇರಬೇಕು. ಹಿಂದಿನ ದಿನವೇ ಅತ್ತಿಗೆಗೆ ಹೇಳಿದೆ. "ಧಾರೆ ಹೊತ್ತಿಗೆ ಇರ್ತೀನಿ. ಬಡಿಸೋಕೆ ಬರಲ್ಲ. ನಡುನಡುವೆ ಮೇಲೆ ಹೋಗಿ ಮಲಗಿ ಬರ್ತೀನಿ." ಇಷ್ಟು ಹೇಳಲು ನನಗೆ ಎರಡು ದಿನ ಬೇಕಾಗಿತ್ತು. ಅತ್ತಿಗೆ ಒಂದು ಕ್ಷಣ ನನ್ನ ಮುಖ ನೋಡಿ, "ಆಯ್ತು ಬಿಡಿ, ಅದಕ್ಕೇನಂತೆ," ಅಂದರು.

ಛತ್ರದ ಮಹಡಿಯ ಕೋಣೆಯಲ್ಲಿ ಜಮಖಾನ ಹಾಸಿ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ರೇಷ್ಮೆ ಸೀರೆಯ ನೆರಿಗೆ ಕಾಲಿನ ನಡುವೆ ಸಿಕ್ಕಿಸಿ ಮಲಗಿದೆ. ಸೀರೆ ಮುದುಡಬಾರದು ಅಂತ ಮಗಳ ದುಪಟ್ಟಾ ಮಂಡಿಯ ಮೇಲೆ ಹೊದ್ದಿದ್ದೆ. ಕೆಳಗೆ ವಾಲಗ. ಬಾಗಿಲು ತೆರೆದುಕೊಂಡು ಚಿಕ್ಕಮ್ಮ ಬಂದರು. ಎಪ್ಪತ್ತೆಂಟು ವರ್ಷ. ಏನು ಮಾಡ್ತಿದೀಯೇ ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಚಿಲಕ ಹಾಕಿದರು.

"ನಂಗೂ ಒಂದು ಕುರ್ಚಿ ಹಾಕು."

ಅವರು ಕೆಳಗೆ ಕೂರುವುದಕ್ಕೇ ಐದು ನಿಮಿಷ ಹಿಡಿಯಿತು. ಮೇಡಂ ನನಗೆ ಮಾಡಿದ ಹಾಗೇ ಅವರ ತಲೆಯ ಕೆಳಗೆ ಟವೆಲ್ ಮಡಿಕೆ ಇಟ್ಟೆ, ಒಂದು ಪದರ ತೆಗೆದೆ, ಮತ್ತೆ ಇಟ್ಟೆ. ಕಾಲು ಎತ್ತಿ ಕುರ್ಚಿ ಮೇಲಿಡುವಾಗ ಅವರ ಮಂಡಿ ನನ್ನ ಅಂಗೈಯಲ್ಲಿತ್ತು. ಊದಿಕೊಂಡಿತ್ತು, ಬೆಚ್ಚಗಿತ್ತು. ಎಷ್ಟು ವರ್ಷದಿಂದ ಹೀಗಿದೆ ಅಂತ ಕೇಳಿದೆ. ನಿಮ್ಮಮ್ಮನಿಗೆ ಬಂದ ಎರಡು ವರ್ಷಕ್ಕೆ ನನಗೂ ಬಂತು ಅಂದರು. ಲೆಕ್ಕ ಹಾಕಿದೆ. ಮೂವತ್ತು ವರ್ಷ ದಾಟುತ್ತದೆ. ಆ ಮೂವತ್ತು ವರ್ಷದಲ್ಲಿ ನಾನು ಆ ಮನೆಗೆ ಎಷ್ಟು ಸಲ ಊಟಕ್ಕೆ ಹೋಗಿದ್ದೇನೆ, ಅವರು ಎಷ್ಟು ಸಲ ಬಗ್ಗಿ ಬಡಿಸಿದ್ದಾರೆ!

ಇಬ್ಬರೂ ಹಾಗೇ ಮಲಗಿದ್ದೆವು. ಯಾರೋ ಬಾಗಿಲು ತಟ್ಟಿದರು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ, "ಸೀರೆ ಬದಲಾಯಿಸ್ತಾ ಇದೀವಿ, ಆಮೇಲೆ ಬನ್ನಿ," ಅಂದರು.

ಮರುವಾರವೇ ಅವರನ್ನು ಡಾಕ್ಟರಿಗೆ ತೋರಿಸಿದರು. ಮಂಡಿಗೆ ಬೇರೆ ವ್ಯಾಯಾಮ ಕೊಟ್ಟಿದ್ದಾರೆ. ಮಧ್ಯಾಹ್ನದ ಕುರ್ಚಿ ಮಾತ್ರ ಬಿಟ್ಟಿಲ್ಲವಂತೆ.

ಈ ವರ್ಷ ನವರಾತ್ರಿಗೆ ಇನ್ನೂ ಒಂದು ವಾರ ಇರುವಾಗಲೇ ಮಗಳ ಕೈಲಿ ಅಟ್ಟದಿಂದ ಒಂದು ಪೆಟ್ಟಿಗೆ ಮಾತ್ರ ಇಳಿಸಿದೆ. ಒಂಬತ್ತು ಮೆಟ್ಟಿಲಿನ ಬದಲು ಐದು ಸಾಕು ಅಂತ ಮಾತಾಡಿಕೊಂಡಿದ್ದೇವೆ. ಮೇಲೆ ಇದ್ದದ್ದು ಪಟ್ಟದ ಬೊಂಬೆಗಳು, ಅಮ್ಮ ನನ್ನ ಮದುವೆಯಲ್ಲಿ ಕೊಟ್ಟ ರಾಜ ರಾಣಿ. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದನ್ನು ಬಿಚ್ಚಿದೆ. ರಾಣಿಯ ಜರಿ ಸೀರೆಯ ಮೇಲಿನ ಧೂಳನ್ನು ಒಣ ಬ್ರಷ್‌ನಲ್ಲಿ ತೆಗೆದೆ. ರಾಜನ ಪೇಟದ ಒಂದು ಮಣಿ ಕಿತ್ತುಬಂದಿತ್ತು, ಸೂಜಿದಾರ ತಂದು ಹೊಲಿದೆ. ಅವೆರಡನ್ನು ಷೋಕೇಸಿನ ಮೇಲೆ ಇಟ್ಟೆ. ಪೆಟ್ಟಿಗೆಯಲ್ಲಿ ಇನ್ನೂ ದಶಾವತಾರ ಇತ್ತು, ಶೆಟ್ಟಿ ಅಂಗಡಿ ಇತ್ತು, ಮಗಳು ಚಿಕ್ಕವಳಿದ್ದಾಗ ಮಾಡಿದ ಮಣ್ಣಿನ ಆನೆಗಳಿದ್ದವು.

"ಎಲ್ಲ ತೆಗೀಲಾ ಅಮ್ಮಾ?" ಅಂತ ಮಗಳು ಕೇಳಿದಳು. "ಇವತ್ತು ಸೊಂಟ ಹೇಗಿದೆ?"

"ತುಂಬಾ ಚೆನ್ನಾಗಿದೆ," ಅಂದೆ. ಪೆಟ್ಟಿಗೆಯ ಮುಚ್ಚಳ ಹಾಕಿದೆ.